ಇಂಗ್ಲಿಷ್ ತರಗತಿಯ ಮೌನಕ್ಕೆ ಯಾರು ಹೊಣೆ?

ನಮ್ಮ ಪದವಿ ಕಾಲೇಜುಗಳ ಸ್ಟಾಫ್ ರೂಮುಗಳಲ್ಲಿ ಹೇಳಿ ಹೇಳಿ ಸವೆದುಹೋದ ಮಾತೊಂದಿದೆ: 'ಈಗಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಯುವ ಆಸಕ್ತಿಯೇ ಇಲ್ಲ.' ಉಪನ್ಯಾಸಕರು ಇದನ್ನು ಹೇಳುತ್ತಾರೆ, ಪ್ರಾಂಶುಪಾಲರು ತಲೆದೂಗುತ್ತಾರೆ, ವಿಚಾರಸಂಕಿರಣಗಳಲ್ಲಿ ಪ್ರಬಂಧ ಮಂಡಿಸುವವರು ಇದನ್ನೇ ಮೊದಲ ವಾಕ್ಯವಾಗಿಸಿಕೊಳ್ಳುತ್ತಾರೆ. ಮಾತು ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆಯೆಂದರೆ, ಅದು ನಿಜವೇ ಎಂದು ಪರೀಕ್ಷಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಪರೀಕ್ಷಿಸಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಕಾಲೇಜಿನ ಗೇಟು ದಾಟಿ ಬಸ್ ನಿಲ್ದಾಣದವರೆಗೆ ನಡೆದರೆ ಸಾಕು. ತಾಲೂಕು ಕೇಂದ್ರವೊಂದರಲ್ಲೂ 'ಸ್ಪೋಕನ್ ಇಂಗ್ಲಿಷ್' ಫಲಕ ಕಾಣದ ಬೀದಿ ಅಪರೂಪ. ಅಲ್ಲಿ ಹಣ ಕಟ್ಟಿ ಕುಳಿತಿರುವವರು ಯಾರು? ಬೆಳಿಗ್ಗೆ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಅದೇ ಹುಡುಗ, ಹಾಜರಿ ಹಾಕಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದ ಅದೇ ಹುಡುಗಿ. 1980ರ ದಶಕದಲ್ಲಿ ಕಪಿಲ್ ದೇವ್ ಅವರ ಜಾಹೀರಾತಿನೊಂದಿಗೆ ಮನೆಮಾತಾದ ರ‍್ಯಾಪಿಡೆಕ್ಸ್ ಪುಸ್ತಕವನ್ನು ಯಾವ ವಿಶ್ವವಿದ್ಯಾನಿಲಯವೂ ಪಠ್ಯವಾಗಿಸಲಿಲ್ಲ. ಆದರೂ ಪಠ್ಯಪುಸ್ತಕವನ್ನು ತೆರೆದು ನೋಡದವರು ಅದನ್ನು ದುಡ್ಡು ಕೊಟ್ಟು ಕೊಂಡು ತಲೆದಿಂಬಿನ ಪಕ್ಕ ಇಟ್ಟುಕೊಂಡರು. ಆಸಕ್ತಿ ಇಲ್ಲದವರು ಹೀಗೆ ಮಾಡುತ್ತಾರೆಯೇ?

ಹಾಗಾದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗಿದೆ. ವಿದ್ಯಾರ್ಥಿಗೆ ಇಂಗ್ಲಿಷ್ ಬೇಕು. ಅದಕ್ಕಾಗಿ ಅವನು ಅಪ್ಪನ ದುಡಿಮೆಯ ಹಣ ಸುರಿಯಲು ಸಿದ್ಧ. ಅವನಿಗೆ ಬೇಡವಾಗಿರುವುದು ವಿಶ್ವವಿದ್ಯಾನಿಲಯ ಇಂಗ್ಲಿಷ್ ಎಂಬ ಹೆಸರಿನಲ್ಲಿ ಬಡಿಸುತ್ತಿರುವ ವಸ್ತು. ಈ ತಿರಸ್ಕಾರವನ್ನು ನಾವು 'ನಿರಾಸಕ್ತಿ' ಎಂದು ಕರೆದು, ಅಪರಾಧವನ್ನು ಹಸಿದವನ ಮೇಲೆಯೇ ಹೊರಿಸಿದ್ದೇವೆ.

ಐದು ಭಾಷೆ ಬಲ್ಲವಳು ದಡ್ಡಿಯಾದದ್ದು ಹೇಗೆ?

ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅವಳು ಬ್ಯಾರಿ ಮಾತನಾಡುತ್ತಾಳೆ. ನೆರೆಮನೆಯವರೊಂದಿಗೆ ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡದಲ್ಲಿ. ಮದ್ರಸಾದಲ್ಲಿ ಅರಬಿ ಓದಲು ಕಲಿತಿದ್ದಾಳೆ. ಟಿ.ವಿ. ನೋಡಿ ಹಿಂದಿ ಅರ್ಥವಾಗುತ್ತದೆ, ಕಾಸರಗೋಡಿನ ನೆಂಟರು ಬಂದರೆ ಮಲಯಾಳವೂ ತಕ್ಕಮಟ್ಟಿಗೆ ನಡೆಯುತ್ತದೆ. ಕಲಬುರಗಿಯ ಹುಡುಗನ ಕತೆಯೂ ಬೇರೆಯಲ್ಲ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಅಥವಾ ತೆಲುಗು. ಇವರಲ್ಲಿ ಯಾರಿಗೂ ತುಳುವಿನ ಅಥವಾ ದಖನಿಯ ವ್ಯಾಕರಣವನ್ನು ಯಾರೂ ಕಲಿಸಲಿಲ್ಲ. ಬದುಕು ಬೇಡಿತು, ಭಾಷೆ ಬಂತು.

ಇಂಥ ಹುಡುಗಿ ಪದವಿ ಕಾಲೇಜಿನ ಇಂಗ್ಲಿಷ್ ತರಗತಿಗೆ ಕಾಲಿಟ್ಟ ಕೂಡಲೇ 'ಲ್ಯಾಂಗ್ವೇಜ್ ವೀಕ್' ಎಂಬ ಹಣೆಪಟ್ಟಿ ಪಡೆಯುತ್ತಾಳೆ! ಐದು ಭಾಷೆಗಳ ನಡುವೆ ನೀರಿನಲ್ಲಿ ಮೀನಿನಂತೆ ಓಡಾಡುವವಳು ಆರನೆಯದರ ಮುಂದೆ ಮೂಕಳಾಗುತ್ತಾಳೆಂದರೆ ದೋಷ ಅವಳ ನಾಲಗೆಯದ್ದೇ, ಅಥವಾ ಆ ಆರನೆಯದನ್ನು ಕಲಿಸುವ ನಮ್ಮ ಕ್ರಮದ್ದೇ?

ಅವಳ ಇತಿಹಾಸವನ್ನೂ ಸ್ವಲ್ಪ ನೋಡಬೇಕು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಎಂದರೆ ಇಂದು ಪದವಿಯ ಮೊದಲ ವರ್ಷಕ್ಕೆ ಬರುವ ಕನ್ನಡ ಮಾಧ್ಯಮದ ವಿದ್ಯಾರ್ಥಿ 12 ವರ್ಷ ಇಂಗ್ಲಿಷ್ ಪಾಠ ಕೇಳಿಸಿಕೊಂಡು ಬಂದವನು. ಹಿಂದೆ ಐದನೇ ತರಗತಿಯಿಂದ ಆರಂಭಿಸುತ್ತಿದ್ದಾಗ, 'ಬೇಗ ಆರಂಭಿಸಿದರೆ ಎಲ್ಲವೂ ಸರಿಯಾಗುತ್ತದೆ' ಎಂದು ವಾದಿಸಿದವರಿದ್ದರು. ಬೇಗ ಆರಂಭಿಸಿದ್ದಾಯಿತು. ಆದರೂ ಒಂದು ರಜಾ ಅರ್ಜಿಯನ್ನು ಸ್ವಂತವಾಗಿ ಬರೆಯಲಾಗದೆ ಸಹಪಾಠಿಯ ಅರ್ಜಿಯನ್ನು ನಕಲು ಮಾಡುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಹಾಗಾದರೆ ರೋಗ ವರ್ಷಗಳ ಕೊರತೆಯದ್ದಲ್ಲ.

'ಶಾಲೆಯಲ್ಲಿ ಸರಿಯಾಗಿ ಕಲಿಸದಿದ್ದರೆ ನಾವೇನು ಮಾಡುವುದು?' ಎಂದು ವಿಶ್ವವಿದ್ಯಾನಿಲಯದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೆಂದೇ ತೋರುತ್ತದೆ. ಆದರೆ ಆ ಶಾಲಾ ಶಿಕ್ಷಕರು ಪದವಿ ಪಡೆದದ್ದು ಎಲ್ಲಿ? ಇದೇ ವಿಶ್ವವಿದ್ಯಾನಿಲಯಗಳಲ್ಲಿ. ಗೈಡ್ ಓದಿ ಇಂಗ್ಲಿಷ್ ಪಾಸಾದವರೇ ನಾಳೆ ಶಾಲೆಗೆ ಹೋಗಿ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಪ್ರಶ್ನೋತ್ತರಗಳನ್ನು ಬೋರ್ಡಿನ ಮೇಲೆ ಬರೆದು ಬರುತ್ತಾರೆ. ಈ ಚಕ್ರ ಎಲ್ಲಾದರೂ ತುಂಡಾಗಬೇಕಾದರೆ ಅದು ವಿಶ್ವವಿದ್ಯಾನಿಲಯದಲ್ಲೇ ತುಂಡಾಗಬೇಕು.

ಪರಭಾಷೆಯೆಂದು ಒಪ್ಪಿಕೊಳ್ಳುವ ಧೈರ್ಯ

ಭಾಷಾ ಬೋಧನೆಯ ಶಾಸ್ತ್ರದಲ್ಲಿ ಎರಡನೇ ಭಾಷೆ ಮತ್ತು ಪರಭಾಷೆ ಎಂಬ ಎರಡು ಪರಿಕಲ್ಪನೆಗಳಿವೆ. ತರಗತಿಯ ಹೊರಗೂ ಕಿವಿಗೆ ಬೀಳುವ, ಅಂಗಡಿ-ಕಚೇರಿಗಳಲ್ಲಿ ಬಳಕೆಯಾಗುವ ಭಾಷೆ ಎರಡನೇ ಭಾಷೆ. ತರಗತಿಯ ನಾಲ್ಕು ಗೋಡೆಗಳ ಒಳಗೆ ಮಾತ್ರ ಬದುಕಿರುವ ಭಾಷೆ ಪರಭಾಷೆ. ಭಾರತದಲ್ಲಿ ಇಂಗ್ಲಿಷ್ ಎರಡನೇ ಭಾಷೆ ಎಂಬುದು ನಮ್ಮ ಪಂಡಿತರ ಅಧಿಕೃತ ನಿಲುವು. ಬೆಂಗಳೂರಿನ ಕೆಲವು ಬಡಾವಣೆಗಳಿಗೆ ಇದು ಸತ್ಯವಿರಬಹುದು. ಸಿಂಧನೂರಿನ, ಹರಪನಹಳ್ಳಿಯ, ಸುಳ್ಯದ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಂಗ್ಲಿಷ್ ಜರ್ಮನ್ ಭಾಷೆಯಷ್ಟೇ ಪರಭಾಷೆ. ಅಂಗಡಿಯ ಫಲಕದಲ್ಲಿ ಅಕ್ಷರಗಳು ಕಾಣಿಸುತ್ತವೆ ಎಂಬುದಷ್ಟೇ ವ್ಯತ್ಯಾಸ.

ಜರ್ಮನ್ ಕಲಿಸುವವರು ಮೊದಲ ದಿನವೇ ಗಯಟೆಯ ಕಾವ್ಯ ಕೊಡುವುದಿಲ್ಲ. ಹೆಸರು ಹೇಳಲು, ದಾರಿ ಕೇಳಲು, ಟಿಕೆಟ್ ಕೊಳ್ಳಲು ಕಲಿಸುತ್ತಾರೆ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾ ಕಲಿಕೆಯ ಚೌಕಟ್ಟು ಕಲಿಯುವವರನ್ನು ಆರು ಮಟ್ಟಗಳಲ್ಲಿ ವಿಂಗಡಿಸಿ, ಪ್ರತಿ ಮಟ್ಟದಲ್ಲಿ ಆ ವ್ಯಕ್ತಿ ಭಾಷೆಯಿಂದ ಏನು ಮಾಡಬಲ್ಲ ಎಂದು ಕೇಳುತ್ತದೆ. ನಮ್ಮಲ್ಲಾದರೋ, ಮೊದಲ ದಿನ ತರಗತಿಯಲ್ಲಿ ಕುಳಿತವರಲ್ಲಿ ಯಾರಿಗೆ ಏನು ಗೊತ್ತಿದೆ ಎಂದು ಕೇಳುವ ಪದ್ಧತಿಯೇ ಇಲ್ಲ. ಕಾನ್ವೆಂಟಿನಿಂದ ಬಂದವಳಿಗೂ, ವಾಕ್ಯ ಕೂಡಿಸಲು ತಡವರಿಸುವವನಿಗೂ ಒಂದೇ ಪಠ್ಯ, ಒಂದೇ ವೇಗ. ಮೊದಲನೆಯವಳಿಗೆ ಬೇಸರ, ಎರಡನೆಯವನಿಗೆ ಭಯ. ಎರಡೂ ಸೇರಿ ಹುಟ್ಟಿದ ಮೌನವನ್ನು ನಾವು ನಿರಾಸಕ್ತಿ ಎನ್ನುತ್ತೇವೆ.

ಈ ಪಠ್ಯ ಎಲ್ಲಿಂದ ಬಂತು? 1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯಲ್ಲಿ ಬಯಸಿದ್ದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ದುಭಾಷಿಗಳಾಗಬಲ್ಲ ಒಂದು ಸಣ್ಣ ವರ್ಗವನ್ನು. ಕೋಟ್ಯಂತರ ಜನರಿಗೆ ಇಂಗ್ಲಿಷ್ ಕಲಿಸುವ ಯೋಚನೆ ಅವನಿಗಿರಲಿಲ್ಲ. ಇಂಗ್ಲಿಷ್ ಸಾಹಿತ್ಯ ಒಂದು ಅಧ್ಯಯನ ವಿಷಯವಾಗಿ ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ನೆಲೆಯೂರಿತು ಎಂಬುದನ್ನು ಗೌರಿ ವಿಶ್ವನಾಥನ್ 1989ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಅಧೀನ ಜನರಿಗೆ ಇಂಗ್ಲಿಷಿನ ಘನತೆಯನ್ನು ಮನದಟ್ಟು ಮಾಡಿಸಲು ರೂಪುಗೊಂಡ ಆ ಏರ್ಪಾಡಿನ ಎಲುಬುಗೂಡು ಇಂದಿಗೂ ಹಾಗೆಯೇ ಇದೆ. ಕವಿತೆಗಳ ಹೆಸರು ಬದಲಾಗಿವೆ, ಬ್ರಿಟಿಷರ ಜಾಗಕ್ಕೆ ಆಫ್ರಿಕದವರೂ ಭಾರತೀಯರೂ ಬಂದಿದ್ದಾರೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ವಾಕ್ಯವನ್ನೇ ಓದಲಾಗದವನಿಗೆ ವರ್ಡ್ಸ್‌ವರ್ತ್ ಆದರೇನು, ಅಚಿಬೆ ಆದರೇನು?

1964-66ರ ಕೊಠಾರಿ ಆಯೋಗ ಉನ್ನತ ಶಿಕ್ಷಣದಲ್ಲಿ ಇಂಗ್ಲಿಷ್ 'ಗ್ರಂಥಾಲಯ ಭಾಷೆ'ಯಾಗಬೇಕು ಎಂದಿತು. ತನ್ನ ವಿಷಯದ ಪುಸ್ತಕಗಳನ್ನು ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಓದಿ ಗ್ರಹಿಸುವಂತಾಗಬೇಕು ಎಂಬುದು ಅದರ ಆಶಯ. ಅದಾಗಿ ಆರು ದಶಕಗಳಾಗುತ್ತ ಬಂದಿವೆ. ಅರ್ಥಶಾಸ್ತ್ರದ ಎಷ್ಟು ಬಿ.ಎ. ವಿದ್ಯಾರ್ಥಿಗಳು ತಮ್ಮ ಇಂಗ್ಲಿಷ್ ಪಾಠದ ಬಲದಿಂದ ಅರ್ಥಶಾಸ್ತ್ರದ ಒಂದು ಇಂಗ್ಲಿಷ್ ಪುಸ್ತಕ ಓದುತ್ತಾರೆ? ಗ್ರಂಥಾಲಯವೂ ಇದೆ, ಪುಸ್ತಕವೂ ಇದೆ. ಕೀಲಿಕೈಯನ್ನು ಮಾತ್ರ ನಾವು ಕೊಟ್ಟಿಲ್ಲ.

ಗೈಡ್ ಎಂಬ ನಿಜವಾದ ಪಠ್ಯಪುಸ್ತಕ

ಪಠ್ಯಕ್ಕಿಂತ ದೊಡ್ಡ ಅಪರಾಧಿ ಪರೀಕ್ಷೆ. ನಮ್ಮ ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೇಳುವುದು ಕವಿತೆಯ ಸಾರಾಂಶ, ಕಥೆಯ ಪಾತ್ರಚಿತ್ರಣ, ಪ್ರಬಂಧದ ಮುಖ್ಯಾಂಶಗಳು. ಇವೆಲ್ಲಕ್ಕೂ ಸಿದ್ಧ ಉತ್ತರಗಳಿರುವ ಗೈಡ್ ಪುಸ್ತಕದಂಗಡಿಯಲ್ಲಿ ಪಠ್ಯಪುಸ್ತಕಕ್ಕಿಂತ ಮೊದಲೇ ಬಂದು ಕುಳಿತಿರುತ್ತದೆ. ವಿದ್ಯಾರ್ಥಿ ಅದನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡುತ್ತಾನೆ. ಮೌಲ್ಯಮಾಪಕರು ದಿನಕ್ಕಿಷ್ಟು ಉತ್ತರಪತ್ರಿಕೆ ಎಂದು ಮುಗಿಸಬೇಕಾದ ಒತ್ತಡದಲ್ಲಿ ನೋಡಿ ಅಂಕ ಹಾಕುತ್ತಾರೆ. ಹೀಗೆ ಇಡೀ ನಾಟಕದಲ್ಲಿ ಎಲ್ಲೂ ಇಂಗ್ಲಿಷ್ ಎಂಬ ಭಾಷೆಯ ಬಳಕೆಯೇ ಆಗುವುದಿಲ್ಲ. ಮಾತನಾಡುವುದಕ್ಕೆ ಅಂಕವಿಲ್ಲ, ಅಥವಾ ಇದ್ದರೂ ಅದು ಆಂತರಿಕ ಅಂಕಗಳ ಹೆಸರಿನಲ್ಲಿ ಎಲ್ಲರಿಗೂ ಹಂಚಿಹೋಗುತ್ತದೆ. ಕೇಳಿ ಗ್ರಹಿಸುವುದನ್ನು ಅಳೆಯುವವರೇ ಇಲ್ಲ.

ಈಗ ಮೊಬೈಲಿನ ಕೃತಕ ಬುದ್ಧಿಮತ್ತೆ ಗೈಡಿನ ಕೆಲಸವನ್ನೂ ಕಸಿದುಕೊಂಡಿದೆ. ಅಸೈನ್‌ಮೆಂಟಿನ ಪ್ರಶ್ನೆ ಹಾಕಿದರೆ ಕ್ಷಣಾರ್ಧದಲ್ಲಿ ತಪ್ಪಿಲ್ಲದ ಇಂಗ್ಲಿಷ್ ಉತ್ತರ ಬರುತ್ತದೆ. ಇದನ್ನು ಕಂಡು ಗಾಬರಿಯಾಗಿರುವ ಅಧ್ಯಾಪಕರಿಗೆ ಒಂದು ಮಾತು ಕೇಳಬೇಕು. ಯಂತ್ರವೊಂದು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸುವ, ವಿದ್ಯಾರ್ಥಿ ಒಂದು ಪದವನ್ನೂ ಗ್ರಹಿಸದೆ ಒಪ್ಪಿಸಬಹುದಾದ ಕೆಲಸವನ್ನು ನೀವು ಇಷ್ಟು ವರ್ಷ ಕಲಿಕೆಯೆಂದು ಕರೆದದ್ದಾದರೂ ಹೇಗೆ? ಎದುರು ಕುಳ್ಳಿರಿಸಿ ಎರಡು ಮಾತು ಕೇಳುವುದನ್ನು ಬಿಟ್ಟರೆ ನಿಮಗೀಗ ಬೇರೆ ದಾರಿಯಿಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಈ ರೋಗ ನಮ್ಮೊಬ್ಬರದ್ದಲ್ಲ. ಚೀನಾದ ವಿಶ್ವವಿದ್ಯಾನಿಲಯಗಳಲ್ಲಿ 1987ರಿಂದ ರಾಷ್ಟ್ರಮಟ್ಟದ ಕಾಲೇಜು ಇಂಗ್ಲಿಷ್ ಪರೀಕ್ಷೆ ನಡೆಯುತ್ತಿದೆ. ಪರೀಕ್ಷೆಗಾಗಿಯೇ ಓದಿ, ಬಾಯಿ ತೆರೆಯಲಾರದವರ ಇಂಗ್ಲಿಷಿಗೆ ಅಲ್ಲಿನವರೇ 'ಮೂಗ ಇಂಗ್ಲಿಷ್' ಎಂದು ಹೆಸರಿಟ್ಟರು. ಆದರೆ ಅದೇ ಚೀನಾದ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಮರದಡಿ, ಉದ್ಯಾನದ ಮೂಲೆಗಳಲ್ಲಿ ಸಂಜೆ ಗುಂಪುಗೂಡಿ, ತಪ್ಪೋ ಒಪ್ಪೋ ಇಂಗ್ಲಿಷಿನಲ್ಲೇ ಹರಟುವ 'ಇಂಗ್ಲಿಷ್ ಕಾರ್ನರ್' ಎಂಬ ಪದ್ಧತಿಯನ್ನೂ ಬೆಳೆಸಿದರು. ನಮ್ಮ ಕಾಲೇಜುಗಳಲ್ಲೂ ಅಶ್ವತ್ಥಕಟ್ಟೆಗಳಿಗೆ ಕೊರತೆಯಿಲ್ಲ. ಒಂದು ಇಂಗ್ಲಿಷ್ ಕಟ್ಟೆ ಆರಂಭಿಸಲು ಯಾವ ಅನುದಾನ ಬೇಕು?

ನಮ್ಮಂಗಳದಲ್ಲೇ ನಡೆದ ಪ್ರಯೋಗ

ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ ಬೇರೆಯೇ ಇದೆ. ಇಂದು ಜಗತ್ತಿನಾದ್ಯಂತ ಭಾಷಾ ಶಿಕ್ಷಕರ ತರಬೇತಿಯಲ್ಲಿ ಹೆಸರು ಹೇಳುವ, 'ಕಾರ್ಯಾಧಾರಿತ ಭಾಷಾ ಬೋಧನೆ' ಎಂಬ ಪದ್ಧತಿಯ ಬಹುಮುಖ್ಯ ಪ್ರಯೋಗ ನಡೆದದ್ದು ಲಂಡನ್ನಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ, 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ, ಬೆಂಗಳೂರು, ಮದ್ರಾಸ್, ಕಡಲೂರಿನ ಸಾಮಾನ್ಯ ಶಾಲೆಗಳಲ್ಲಿ ಇದನ್ನು ನಡೆಸಿದರು. ಪ್ರಪಂಚದ ಭಾಷಾಶಾಸ್ತ್ರ ಅದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಗುರುತಿಸುತ್ತದೆ. ಅದರ ವಿವರಗಳಿರುವ ಪ್ರಭು ಅವರ ಪುಸ್ತಕ 1987ರಲ್ಲಿ ಹೊರಬಂತು.

ಅಲ್ಲಿ ವ್ಯಾಕರಣ ಸೂತ್ರಗಳ ಪಾಠವಿರಲಿಲ್ಲ. ಮಕ್ಕಳ ಮುಂದೆ ಒಂದು ರೈಲು ವೇಳಾಪಟ್ಟಿ, ಒಂದು ನಕ್ಷೆ ಇಡುತ್ತಿದ್ದರು. ಇಂಥ ಊರಿಗೆ ಇಷ್ಟು ಗಂಟೆಯೊಳಗೆ ತಲುಪಬೇಕಾದರೆ ಯಾವ ರೈಲು ಹಿಡಿಯಬೇಕು ಎಂಬಂಥ ಸಮಸ್ಯೆ. ಶಿಕ್ಷಕರು ಅಂಥದೇ ಒಂದನ್ನು ಮೊದಲು ತರಗತಿಯೊಂದಿಗೆ ಸೇರಿ ಬಿಡಿಸುತ್ತಿದ್ದರು, ಆಮೇಲೆ ಮಕ್ಕಳು ಇನ್ನೊಂದನ್ನು ತಾವಾಗಿ ಬಿಡಿಸಬೇಕು. ಮನಸ್ಸು ಅರ್ಥದ ಮೇಲೆ, ಸಮಸ್ಯೆಯ ಮೇಲೆ ನೆಟ್ಟಿದ್ದಾಗ ಭಾಷೆಯ ರಚನೆ ತಾನಾಗಿಯೇ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅದರ ಫಲಿತಾಂಶಗಳ ಬಗ್ಗೆ ವಿದ್ವಾಂಸರಲ್ಲಿ ವಾದವಿವಾದ ನಡೆದಿದೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನ ಎಚ್ಚರಿಕೆಯಿಂದಲೇ ಅದನ್ನು ಬೆಂಬಲಿಸಿತು. ವ್ಯಾಕರಣವನ್ನು ಹೀಗೆ ಪೂರ್ತಿ ಬದಿಗಿಡುವುದು ಸರಿಯಲ್ಲ ಎನ್ನುವವರೂ ಇದ್ದಾರೆ. ಅದಿರಲಿ. ನಾಲ್ಕು ದಶಕ ಕಳೆದರೂ ಬೆಂಗಳೂರಿನ ಹೆಸರು ಹೊತ್ತ ಈ ಪ್ರಯೋಗದ ಗಾಳಿ ನಮ್ಮ ಸಾಮಾನ್ಯ ಪದವಿ ತರಗತಿಗಳಿಗೆ ಸೋಕಲಿಲ್ಲವಲ್ಲ, ಇದಕ್ಕೆ ಏನೆನ್ನಬೇಕು? ದೀಪದ ಬುಡದಲ್ಲಿ ಕತ್ತಲೆ ಎಂಬುದು ಇದೇ ತಾನೇ?

ನಮ್ಮ ವಿದ್ಯಾರ್ಥಿಗಳ ಬದುಕಿನಲ್ಲಿ ಇಂಥ ಕಾರ್ಯಗಳಿಗೆ ಬರವಿಲ್ಲ. ಬ್ಯಾಂಕಿನ ಶೈಕ್ಷಣಿಕ ಸಾಲದ ಅರ್ಜಿ ಮತ್ತು ಅದರ ಹಿಂಭಾಗದ ಸಣ್ಣ ಅಕ್ಷರದ ಷರತ್ತುಗಳು. ಔಷಧದ ಡಬ್ಬಿಯೊಳಗಿನ ಚೀಟಿ. ವಿಮಾ ಪಾಲಿಸಿ. ನ್ಯಾಯಾಲಯದ ನೋಟಿಸು. ನಮ್ಮ ಕರಾವಳಿಯಲ್ಲಂತೂ ಗಲ್ಫ್ ಉದ್ಯೋಗದ ಒಪ್ಪಂದ ಪತ್ರ. ಅದರಲ್ಲೇನು ಬರೆದಿದೆಯೆಂದು ತಿಳಿಯದೆ ಸಹಿ ಹಾಕಿ ವಿಮಾನ ಹತ್ತಿದ ಎಷ್ಟು ಪದವೀಧರರು ನಮ್ಮ ನಡುವೆ ಇಲ್ಲ? ಕೈಗೆ ಸಿಗುವ ಸಂಬಳ ಎಷ್ಟು, ರಜೆ ಎಷ್ಟು, ಮರಳುವ ಟಿಕೆಟ್ ಯಾರದ್ದು ಎಂಬುದನ್ನು ಆ ಕಾಗದದಿಂದ ಹೆಕ್ಕಿ ತೆಗೆಯುವ ಅಭ್ಯಾಸವನ್ನು ತರಗತಿಯಲ್ಲಿ ಮಾಡಿಸಿ ನೋಡಿ. ಅಂದು ಹಿಂದಿನ ಬೆಂಚಿನಲ್ಲೂ ಯಾರೂ ತೂಕಡಿಸುವುದಿಲ್ಲ.

ಇನ್ನು ಓದಿನ ವಿಷಯ. 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ಎಲ್ಲಿ ಮತ್ತು ಮಾಂಗೂಭಾಯಿ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ತರಗತಿಗಳಿಗೆ ಚಿತ್ರಗಳಿರುವ ಸುಲಭ ಇಂಗ್ಲಿಷ್ ಕಥೆ ಪುಸ್ತಕಗಳ ರಾಶಿಯನ್ನೇ ಒದಗಿಸಿದರು. ಓದಿನಲ್ಲೂ ಕೇಳಿ ಗ್ರಹಿಸುವುದರಲ್ಲೂ ಆ ಮಕ್ಕಳ ಪ್ರಗತಿ ಸಾಮಾನ್ಯ ಪಾಠ ಕೇಳಿದವರ ಸುಮಾರು ಇಮ್ಮಡಿಯಾಯಿತು. 1983ರಲ್ಲಿ ಪ್ರಕಟವಾದ ಆ ಅಧ್ಯಯನ ಕಲಿಸುವ ಪಾಠ ಸರಳ: ಅರ್ಥವಾಗುವ, ರುಚಿಸುವ ಪುಸ್ತಕಗಳು ಕೈಗೆಟಕುವಂತಿರಲಿ. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಷೇಕ್ಸ್‌ಪಿಯರನ ವಿಮರ್ಶೆಗಳಿಗೆ ಕಪಾಟುಗಳಿವೆ. ಪದವಿ ವಿದ್ಯಾರ್ಥಿಯೊಬ್ಬ ನಿಘಂಟು ನೋಡದೆ ಓದಿ ಮುಗಿಸಬಹುದಾದ 20 ಪುಸ್ತಕಗಳಿಗೆ ಒಂದು ಹಲಗೆಯಿಲ್ಲ.

ದಂಡ ಮತ್ತು ನಗೆ

ತರಗತಿಯ ಮೌನಕ್ಕೆ ಇನ್ನೊಂದು ಕಾರಣವಿದೆ, ಅದರ ಹೆಸರು ಅವಮಾನ. ತಪ್ಪು ಉಚ್ಚಾರಕ್ಕೆ ಮೇಷ್ಟ್ರು ಮುಗುಳ್ನಗುತ್ತಾರೆ, ಮುಂದಿನ ಬೆಂಚಿನವರು ಗಟ್ಟಿಯಾಗಿ ನಗುತ್ತಾರೆ. ಅಂದು ಮುಚ್ಚಿದ ಬಾಯಿ ಮೂರು ವರ್ಷ ತೆರೆಯುವುದಿಲ್ಲ. ತುಳು ಮಾತನಾಡುವಾಗ ಬ್ಯಾರಿ ಹುಡುಗಿ ತಪ್ಪಿದರೆ ನೆರೆಮನೆಯ ಅಕ್ಕ ನಕ್ಕು, ಸರಿಯಾದ ಪದ ಹೇಳಿಕೊಟ್ಟು ಮಾತು ಮುಂದುವರಿಸುತ್ತಾಳೆ. ಅದೇ ಅವಳಿಗೆ ತುಳು ಬರಲು ಕಾರಣ. ತಪ್ಪು ಮಾಡುವ ಸ್ವಾತಂತ್ರ್ಯವಿಲ್ಲದಲ್ಲಿ ಭಾಷೆ ಕಲಿತವರು ಲೋಕದಲ್ಲೇ ಇಲ್ಲ.

ಕೆಲವು ಖಾಸಗಿ ಕಾಲೇಜುಗಳು ಇದಕ್ಕೆ ಕಂಡುಕೊಂಡ ಪರಿಹಾರ ಇನ್ನೂ ಕ್ರೂರವಾದುದು. ಆವರಣದಲ್ಲಿ ಕನ್ನಡ ಮಾತನಾಡಿದರೆ ದಂಡ! ಮಾತೃಭಾಷೆಯನ್ನು ಅಪರಾಧವಾಗಿಸಿ ಪರಭಾಷೆಯಲ್ಲಿ ಪ್ರೀತಿ ಹುಟ್ಟಿಸಲು ಹೊರಟವರಿಗೆ ಏನೆನ್ನೋಣ? ಅಲ್ಲಿ ವಿದ್ಯಾರ್ಥಿ ಇಂಗ್ಲಿಷ್ ಕಲಿಯುವುದಿಲ್ಲ, ಸುಮ್ಮನಿರುವುದನ್ನು ಕಲಿಯುತ್ತಾನೆ. ಮೊದಲ ಭಾಷೆಯಲ್ಲಿ ಗಟ್ಟಿಯಾದ ತಿಳಿವು ಎರಡನೆಯದಕ್ಕೆ ಬಂಡವಾಳವಾಗುತ್ತದೆ ಎಂದು ಜಿಮ್ ಕಮ್ಮಿನ್ಸ್‌ರಂಥ ವಿದ್ವಾಂಸರು 1979ರಿಂದಲೇ ವಾದಿಸುತ್ತ ಬಂದಿದ್ದಾರೆ. ಹಾಗೆಂದು ಇಡೀ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಭಾಷಾಂತರಿಸಿ ಹೇಳಿ ಮುಗಿಸುವುದೂ ಮೋಸವೇ. ಸಮಸ್ಯೆ ಅರ್ಥವಾಗಲು ಕನ್ನಡ, ಬಿಡಿಸಲು ಇಂಗ್ಲಿಷ್. ಈ ಹದ ಅರಿತ ಅಧ್ಯಾಪಕರು ಎಲ್ಲೆಡೆ ಒಬ್ಬಿಬ್ಬರಿದ್ದಾರೆ. ಅವರ ತರಗತಿಗಳಲ್ಲಿ ಮೌನವಿಲ್ಲ ಎಂಬುದೇ ನಮ್ಮ ವಾದಕ್ಕೆ ಸಾಕ್ಷಿ.

ಇಂಗ್ಲಿಷ್ ಎಂದೊಡನೆ ಕನ್ನಡಕ್ಕೆ ಕುತ್ತು ಎಂದು ಹೌಹಾರುವವರಿಗೂ ಒಂದು ನೆನಪು. ಬಿ.ಎಂ.ಶ್ರೀ., ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ - ಇವರೆಲ್ಲ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಕನ್ನಡ ಶಾಲೆಗಳಲ್ಲಿ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟ ಗೋಕಾಕರೇ ಇಂಗ್ಲಿಷಿನ ಪ್ರಾಧ್ಯಾಪಕರು. ಚೆನ್ನಾಗಿ ಕಲಿತ ಇಂಗ್ಲಿಷ್ ಇವರ ಕನ್ನಡವನ್ನು ಬೆಳೆಸಿತು. ಕನ್ನಡವನ್ನು ಕೊಲ್ಲುತ್ತಿರುವುದು ಅರೆಬರೆ ಇಂಗ್ಲಿಷ್, ಎರಡರಲ್ಲೂ ನಾಲ್ಕು ವಾಕ್ಯ ನೆಟ್ಟಗೆ ಬರೆಯಲಾಗದ ಸ್ಥಿತಿ. ಸಾವಿತ್ರಿಬಾಯಿ ಫುಲೆ 1854ರಷ್ಟು ಹಿಂದೆಯೇ ತಮ್ಮ ಮರಾಠಿ ಕವಿತೆಗಳಲ್ಲಿ ಶೂದ್ರಾತಿಶೂದ್ರರಿಗೆ ಇಂಗ್ಲಿಷ್ ಕಲಿಯಲು ಕರೆಕೊಟ್ಟದ್ದು ಯಾಕೆಂದು ಯೋಚಿಸಬೇಕು. ಮೇಲಿನವರ ಮಕ್ಕಳಿಗೆ ಮನೆಯಲ್ಲೇ ಸಿಗುವ ಇಂಗ್ಲಿಷ್, ದಲಿತರ, ಹಿಂದುಳಿದವರ, ಮುಸ್ಲಿಮರ ಮಕ್ಕಳಿಗೆ ಕಾಲೇಜಿನಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗುವುದಿಲ್ಲ.

ಫಲಕದ ಇಂಗ್ಲಿಷ್, ಪಾಠದ ಇಂಗ್ಲಿಷ್

ನಮ್ಮ ಸಮುದಾಯದ ಮಾತಿಗೆ ಬರೋಣ. ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರ ಪ್ರಮಾಣ ಶೇ. 4ಕ್ಕಿಂತಲೂ ಕಡಿಮೆ ಎಂದು 2001ರ ಜನಗಣತಿಯ ಆಧಾರದಲ್ಲಿ 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಅದರ ನಂತರ ನಮ್ಮವರು ಎಚ್ಚೆತ್ತಿದ್ದಾರೆ, ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲೇರಿದ್ದಾರೆ, ಸಂಸ್ಥೆಗಳು ತಲೆಯೆತ್ತಿವೆ. ಸಂತೋಷ. ಆದರೆ ಈ ಸಂಸ್ಥೆಗಳಲ್ಲಿ ಬಹುಪಾಲು 'ಇಂಗ್ಲಿಷ್ ಮೀಡಿಯಂ' ಎಂಬ ಫಲಕಕ್ಕೆ ಸುರಿದ ಹಣದ ಅರ್ಧವನ್ನೂ ಇಂಗ್ಲಿಷ್ ಕಲಿಸುವವರ ಸಂಬಳಕ್ಕೆ ಕೊಡುವುದಿಲ್ಲ. ಕಟ್ಟಡಕ್ಕೆ ಗ್ರಾನೈಟ್, ಅಧ್ಯಾಪಕಿಗೆ ಕೂಲಿಯಾಳಿಗಿಂತ ಕಡಿಮೆ ವೇತನ! ಮಾಧ್ಯಮ ಬೇರೆ, ಭಾಷೆಯ ಕಲಿಕೆ ಬೇರೆ ಎಂಬ ವಿವೇಕವನ್ನೇ ನಾವು ಕಳೆದುಕೊಂಡಿದ್ದೇವೆ.

ಈ ವಿವೇಕ ನಮ್ಮ ಹಿರಿಯರಿಗಿತ್ತು. ಸ್ವತಃ ಇಂಗ್ಲಿಷ್ ಅಷ್ಟಾಗಿ ಬಲ್ಲವರಲ್ಲದ ಸರ್ ಸಯ್ಯದ್ ಅಹ್ಮದ್ ಖಾನ್ 1864ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಸಂಘ ಪಾಶ್ಚಾತ್ಯ ಗ್ರಂಥಗಳನ್ನು ಉರ್ದುವಿಗೆ ತರುವ ಕೆಲಸ ಮಾಡಿತು. 1875ರಲ್ಲಿ ಅಲೀಗಢದಲ್ಲಿ ಅವರೇ ಇಂಗ್ಲಿಷ್ ಶಿಕ್ಷಣದ ಬಾಗಿಲನ್ನೂ ತೆರೆದರು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ಆಧುನಿಕ ವಿಷಯಗಳನ್ನು ಬೋಧಿಸಿತು, ಅದಕ್ಕಾಗಿ ಭಾಷಾಂತರ ವಿಭಾಗವನ್ನೇ ನಡೆಸಿತು. ಹಾಗೆಂದು ಇಂಗ್ಲಿಷನ್ನು ಹೊರಗಿಡಲಿಲ್ಲ. ಅದು ಅಲ್ಲಿ ಕಡ್ಡಾಯ ಭಾಷಾ ವಿಷಯವಾಗಿತ್ತು. ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಬೀದರ್, ಗುಲ್ಬರ್ಗ, ರಾಯಚೂರುಗಳ ಯುವಕರಿಗೂ ಅದೇ ವಿಶ್ವವಿದ್ಯಾನಿಲಯವಾಗಿತ್ತು. ಬಹುಸಂಖ್ಯೆಯ ಕನ್ನಡ, ತೆಲುಗು, ಮರಾಠಿ ಮಾತೃಭಾಷೆಯವರ ಮೇಲೆ ಉರ್ದು ಮಾಧ್ಯಮವನ್ನು ಹೇರಿದ್ದು ಅದರ ದೊಡ್ಡ ದೋಷ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜ್ಞಾನ ಹತ್ತಿರದ ಭಾಷೆಯಲ್ಲಿ, ಇಂಗ್ಲಿಷ್ ಭಾಷೆಯಾಗಿ ಚೆನ್ನಾಗಿ ಎಂಬ ತತ್ವ ಇಂದಿಗೂ ಸಲ್ಲುವಂಥದ್ದು.

ಬೇಕಾಗಿರುವುದೇನು?

2021ರಲ್ಲಿ ರಾಜ್ಯಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಪದವಿಯಲ್ಲಿ ಕನ್ನಡ ಕಡ್ಡಾಯದ ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. 2024ರಲ್ಲಿ ಆ ನೀತಿಯ ನಾಲ್ಕು ವರ್ಷಗಳ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪ್ರತಿ ಸಲವೂ ಭಾಷಾ ವಿಷಯಗಳಲ್ಲಿ ಜಗಳ ನಡೆದದ್ದು ವಾರಕ್ಕೆ ಎಷ್ಟು ಗಂಟೆ, ಯಾರಿಗೆ ಎಷ್ಟು ಕಾರ್ಯಭಾರ ಎಂಬುದರ ಮೇಲೆ. ಆ ಗಂಟೆಗಳಲ್ಲಿ ವಿದ್ಯಾರ್ಥಿಗೆ ಏನು ಬಂತು ಎಂದು ಕೇಳಿದವರು ವಿರಳ.

ನಮ್ಮ ಬೇಡಿಕೆಗಳು ಕಷ್ಟದವೇನೂ ಅಲ್ಲ. ಮೊದಲ ವಾರದಲ್ಲೇ ಪ್ರತಿ ವಿದ್ಯಾರ್ಥಿಯ ಮಟ್ಟವನ್ನು ಅಳೆದು, ಬಿ.ಎ., ಬಿ.ಕಾಂ. ಎಂಬ ಭೇದವಿಲ್ಲದೆ ಮಟ್ಟಕ್ಕನುಗುಣವಾಗಿ ತಂಡ ಮಾಡಲಿ. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ವಿದ್ಯಾರ್ಥಿಗಳನ್ನು ಬ್ಯಾಚುಗಳಾಗಿ ಒಡೆಯುತ್ತಾರೆ, ಏಕೆಂದರೆ ಕೈಯಿಂದ ಮಾಡದೆ ಅದು ಬರುವುದಿಲ್ಲ. ಬಾಯಿಂದ ಆಡದೆ ಬಾರದ ಭಾಷೆಗೆ ಮಾತ್ರ ನೂರು ಜನರ ಹಾಲ್ ಯಾಕೆ? ಇಂಗ್ಲಿಷನ್ನೂ ಪ್ರಾಯೋಗಿಕ ವಿಷಯವೆಂದು ಪರಿಗಣಿಸಿ ಮೂವತ್ತು ಮಂದಿಯ ಬ್ಯಾಚ್ ಮಾಡಲಿ. ಅಂಕಗಳಲ್ಲಿ ಅರ್ಧದಷ್ಟು ಮಾತಿಗೂ ಕೇಳಿ ಗ್ರಹಿಸುವುದಕ್ಕೂ ಮೀಸಲಾಗಲಿ, ಅದನ್ನು ಹೊರಗಿನ ಪರೀಕ್ಷಕರು ನಡೆಸಲಿ. ಲಿಖಿತ ಪರೀಕ್ಷೆಯಲ್ಲಿ ಹಿಂದೆ ನೋಡಿರದ ಪಠ್ಯಭಾಗಗಳನ್ನೇ ಕೊಡಲಿ, ಗೈಡ್ ತಾನಾಗಿ ಸಾಯುತ್ತದೆ. ಸಾಹಿತ್ಯವನ್ನು ಬಯಸಿ ಬಂದವರಿಗೆ ಸಾಹಿತ್ಯ ಇದ್ದೇ ಇರಲಿ. ವರ್ಷದಿಂದ ವರ್ಷಕ್ಕೆ ಅನಿಶ್ಚಿತತೆಯಲ್ಲಿ ದುಡಿಯುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಭದ್ರತೆಯನ್ನೂ ತರಬೇತಿಯನ್ನೂ ಕೊಡಲಿ. ನಾಳೆ ಇರುತ್ತೇನೋ ಇಲ್ಲವೋ ಎಂಬ ಅಧ್ಯಾಪಕನಿಂದ ಹೊಸ ಪ್ರಯೋಗ ನಿರೀಕ್ಷಿಸುವುದು ಅನ್ಯಾಯ.

'ಇದಕ್ಕೆಲ್ಲ ಹಣವೆಲ್ಲಿ?' ಎಂಬ ಪ್ರಶ್ನೆ ಬರುತ್ತದೆ. ಬ್ಯಾಚ್ ಮಾಡಲು, ಅಧ್ಯಾಪಕರನ್ನು ನೇಮಿಸಲು ಹಣ ಬೇಕು, ನಿಜ. ಪ್ರಶ್ನೆಪತ್ರಿಕೆ ಬದಲಿಸಲು ಬೇಡ. ಒಂದು ವೇಳಾಪಟ್ಟಿಯನ್ನೋ ಒಪ್ಪಂದ ಪತ್ರವನ್ನೋ ತರಗತಿಗೆ ತರಲು ಬೇಡ. ತಪ್ಪಿದವನನ್ನು ನೋಡಿ ನಗದಿರಲು ಬಿಡಿಗಾಸೂ ಬೇಡ. ಹಣವಿಲ್ಲದೆ ಆಗುವ ಕೆಲಸವನ್ನೇ ಮಾಡದವರು ಹಣದ ನೆಪ ಹೇಳಬಾರದು.

ಹೆತ್ತವರಿಗೂ ಒಂದು ಮಾತು. ಮಗಳನ್ನು ಕಾಲೇಜಿಗೆ ಸೇರಿಸುವಾಗ ಹಾಸ್ಟೆಲ್, ಬಸ್ಸು, ಶುಲ್ಕಗಳ ಬಗ್ಗೆ ವಿಚಾರಿಸುತ್ತೀರಿ. ಇನ್ನು ಮುಂದೆ ಇದನ್ನೂ ವಿಚಾರಿಸಿ: ಇಂಗ್ಲಿಷ್ ತರಗತಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ವಾರದಲ್ಲಿ ನನ್ನ ಮಗಳು ಎಷ್ಟು ನಿಮಿಷ ಬಾಯಿ ತೆರೆದು ಮಾತನಾಡುತ್ತಾಳೆ? ಆಡಳಿತ ಮಂಡಳಿಯವರು ಉತ್ತರಿಸಲು ತಡವರಿಸಿದರೆ, ಅಲ್ಲಿ ಆಸಕ್ತಿಯಿಲ್ಲದವರು ಯಾರೆಂಬುದು ನಿಮಗೆ ತಿಳಿಯುತ್ತದೆ.